ಗುಂಡಮ್ಮನ ಗಾಜಿಗೆ ಕರಿ ಪ್ಲಾಸ್ಟಿಕ್ಕು

"ಈ ಭಾನುವಾರದೊಳಗೆ ಮಗಳ ಕೈಲಿ ತಟ್ಟೆ ತುಂಬ ಊಟ ಮಾಡಿಸದೇ ಹೋದ್ರೆ ನನ್ನ ಹೆಸರು ಫ್ರೊಯ್ಲಾನ್ ಅಲ್ಲ" ಎಂದು ಫ್ರೊಯ್ಲಾನ್ ಬೆಳಗಿನ ತಿಂಡಿಯ ಮೇಜು ಗುದ್ದಿ ಘೋಷಿಸಿದ. ಗುದ್ದಿದ ರಭಸಕ್ಕೆ ಲೋಟ ಉರುಳಿತು. ಅದರಲ್ಲಿದ್ದ ನೇರಳೆ ಜೋಳದ ಬಿಸಿ ಗಂಜಿ ಮೇಜಿನ ಉದ್ದಕ್ಕೂ ಹರಿದು ಬಂದು ಅವನದೇ ತೊಡೆಯ ಮೇಲೆ ಸುರಿಯಿತು. ಮಹಾಪ್ರತಿಜ್ಞೆ ಎಂದ ಮೇಲೆ ಅಭಿಷೇಕ ಆಗಲೇಬೇಕಲ್ಲ!

ಹೆಂಡತಿ ಸಬಿನಾ ಒರೆಸುವ ಬಟ್ಟೆಯನ್ನು ಅವನತ್ತ ಎಸೆದು, "ಇವತ್ತು ಬುಧವಾರ. ಬೇರೆ ಹೆಸರು ಈಗ್ಲೇ ಯೋಚಿಸಿ ಇಟ್ಕೊ" ಎಂದಳು.

ಎಲ್ ಆಲ್ತೊ ಎಂಬ ಆ ಬೆಟ್ಟದ ಮೇಲಿನ ಊರಿನಲ್ಲಿ ಮಿನಿಬಸ್ ಓಡಿಸುವವರಿಗೆ ಬರವಿಲ್ಲ. ಆದರೆ ಪ್ರಯಾಣಿಕರನ್ನು ನಗಿಸದೆ ಇಳಿಸಿದ್ದೇ ಇಲ್ಲ ಎಂಬ ಖ್ಯಾತಿ ಇದ್ದದ್ದು ನಮ್ಮ ಫ್ರೊಯ್ಲಾನನಿಗೆ ಮಾತ್ರ. ಇನ್ನೊಂದು ಖ್ಯಾತಿಯೂ ಇತ್ತು, ಅದನ್ನು ಅವನೇ ತನಗೆ ದಯಪಾಲಿಸಿಕೊಂಡಿದ್ದ. ಯಾವ ಗಾಡಿಯೇ ಆಗಲಿ, ಬಾನೆಟ್ ಎತ್ತದೆ ಬರೀ ಸದ್ದು ಕೇಳಿ ರೋಗ ಹೇಳಿಬಿಡುತ್ತಾನಂತೆ. ಈ ವಿದ್ಯೆ ಮನೆಮಂದಿಗೂ ಅನ್ವಯಿಸುತ್ತದೆ ಎಂಬುದು ಅವನ ಅಚಲ ನಂಬಿಕೆ. ಹಿಂದೊಮ್ಮೆ ಸಬಿನಾ ಹಲ್ಲುನೋವಿನಿಂದ ನರಳುತ್ತಿದ್ದಾಗ ಆ ನರಳಾಟವನ್ನು ಕಣ್ಣು ಮುಚ್ಚಿ ಆಲಿಸಿ, ಹೊಟ್ಟೆಹುಳ ಎಂದು ತೀರ್ಪು ಕೊಟ್ಟ ಮಹಾನುಭಾವ ಅವನು.

ಮಗಳ ವಿಷಯ ಮಾತ್ರ ಹಲ್ಲುನೋವಿನಷ್ಟು ಹಗುರವಾಗಿರಲಿಲ್ಲ. ಹದಿನಾರರ ಲಿಸೆತ್ ಊಟ ಬಿಟ್ಟಿದ್ದಳು. ಒಮ್ಮೆಗೇ ಬಿಟ್ಟಿದ್ದರೆ ಒಂದು ದೊಡ್ಡ ಗಲಾಟೆಯಾಗಿ ಬಗೆಹರಿಯುತ್ತಿತ್ತೋ ಏನೋ. ಅವಳು ಸದ್ದಿಲ್ಲದೆ ಚೂರುಚೂರಾಗಿ ಬಿಟ್ಟಳು. ಮೊದಲು ಬ್ರೆಡ್ಡಿನ ಒಳಗಿನ ಮೆತ್ತನೆಯ ತಿರುಳು ಹೋಯಿತು, ಹೊರಗಿನ ಗಟ್ಟಿ ಅಂಚು ಮಾತ್ರ ಉಳಿಯಿತು. ಆಮೇಲೆ ಅದೂ ಹೋಯಿತು. ಕಡಲೆಕಾಯಿ ಸೂಪು ಮಾಡಿದ ದಿನ ಪಾತ್ರೆಯ ತಳ ಕೆರೆಯುತ್ತಿದ್ದವಳು ಈಗ ಅದರೊಳಗೆ ಚಮಚ ತಿರುಗಿಸುತ್ತ ಕೂತು, ಸೂಪು ತಣ್ಣಗಾದ ಮೇಲೆ "ಹೊಟ್ಟೆ ತುಂಬ್ತು" ಎಂದು ಏಳುತ್ತಿದ್ದಳು. ಮನೆಯೊಳಗೂ ಒಂದರ ಮೇಲೊಂದು ಸ್ವೆಟರು. ಬಾಚಣಿಗೆಯಲ್ಲಿ ಕೂದಲು ಉಂಡೆ ಉಂಡೆ. ಶಾಲೆಯ ಪೆರೇಡಿನ ತಾಲೀಮಿನಲ್ಲಿ ತಲೆ ಸುತ್ತಿ ಬಿದ್ದಾಗ ಆರೋಗ್ಯ ಕೇಂದ್ರದ ಡಾಕ್ಟರಮ್ಮ ಸಬಿನಾಳನ್ನು ಪಕ್ಕಕ್ಕೆ ಕರೆದು, "ಇದು ಹಟ ಅಲ್ಲ, ಕಾಯಿಲೆ. ವಾರವಾರ ಕರ್ಕೊಂಡು ಬನ್ನಿ. ಬೈಬೇಡಿ, ಏನಾಗಿದೆ ಅಂತ ಅವಳನ್ನೇ ಕೇಳಿ. ಹೀಗೇ ಬಿಟ್ರೆ ಹೃದಯಕ್ಕೆ ಕಷ್ಟ" ಎಂದಿದ್ದರು. ಅಂದಿನಿಂದ ಸಬಿನಾಗೆ ನಿದ್ದೆ ಹತ್ತುತ್ತಿರಲಿಲ್ಲ.

ಫ್ರೊಯ್ಲಾನನಿಗೂ ಹೆದರಿಕೆಯೇ. ಆದರೆ ಕೆಲವು ಗಂಡಸರ ಹೆದರಿಕೆ ಪ್ರತಿಜ್ಞೆಯ ವೇಷ ಹಾಕಿಕೊಂಡೇ ಹೊರಗೆ ಬರುತ್ತದೆ.

"ಡಾಕ್ಟರಮ್ಮ ಅಷ್ಟು ಹೇಳಿದ್ರಲ್ಲ, ನೀನು ಒಂದು ಸಲನಾದ್ರೂ ಅವಳನ್ನ ಕೇಳಿದ್ಯಾ?" ಎಂದಳು ಸಬಿನಾ.

"ಏನಂತ ಕೇಳ್ಲಿ?"

"ಏನಾಯ್ತು ಮಗಳೇ, ಅಂತ."

"ಎಂಜಿನ್ನನ್ನ ಯಾರಾದ್ರೂ ಏನಾಯ್ತು ಅಂತ ಕೇಳ್ತಾರೇನೇ? ಕಿವಿಗೊಟ್ಟು ತಿಳ್ಕೋಬೇಕು."

"ಎಂಜಿನ್ನಿಗೆ ಬಾಯಿಲ್ಲ ಮಾರಾಯ. ನಮ್ಮ ಮಗಳಿಗಿದೆ."

"ಬಾಯಿದ್ರೆ ತಿನ್ಲಿ ಮತ್ತೆ."

ಸಬಿನಾ ಬ್ರೆಡ್ಡು ಕೊಯ್ಯುತ್ತಿದ್ದ ಚಾಕುವನ್ನು ಕೆಳಗಿಟ್ಟು ಅವನನ್ನೇ ನೋಡಿದಳು. ಫ್ರೊಯ್ಲಾನನಿಗೆ ಥಟ್ಟನೆ ಕೆಲಸಕ್ಕೆ ಹೊತ್ತಾದದ್ದು ನೆನಪಾಯಿತು.

ಅದೇ ದಿನ ಮಧ್ಯಾಹ್ನ, ಸೇಹಾ ಚೌಕದ ಟ್ರಾಫಿಕ್ಕಿನಲ್ಲಿ ಅವನಿಗೆ ಜ್ಞಾನೋದಯವಾಯಿತು. ಮುಂದೆ ಬಸ್ಸು, ಹಿಂದೆ ಬಸ್ಸು, ಎರಡೂ ಪಕ್ಕ ಬಸ್ಸು. ಕನ್ನಡಿಯಲ್ಲಿ ನೋಡಿದರೆ ಶಾಲೆಯ ಸಮವಸ್ತ್ರದ ಇಬ್ಬರು ಹುಡುಗರು ಅವನ ಗಾಡಿಯ ಹಿಂದಿನ ಗಾಜಿನತ್ತ ಬೆರಳು ಮಾಡಿ, ಅಲ್ಲಿದ್ದದ್ದನ್ನು ಜೋರಾಗಿ ಓದಿ, ಒಬ್ಬರಿಗೊಬ್ಬರು ಗುದ್ದಿಕೊಂಡು ನಗುತ್ತಿದ್ದರು. ಗಾಜಿನ ಮೇಲೆ ಮೊಳದುದ್ದದ ಹಳದಿ ಅಕ್ಷರಗಳಲ್ಲಿ ಇದ್ದದ್ದು ಇಷ್ಟೇ: 'ನನ್ನ ಗುಂಡಮ್ಮ'.

ಅಲ್ಲಿಯ ಜನಕ್ಕೆ ಮೈಕಟ್ಟು ನೋಡಿ ಹೆಸರಿಡುವುದೇ ಪ್ರೀತಿ. ಬೊಕ್ಕತಲೆಯವನು ಬೋಳ, ಸಣಕಲಿ ಕಡ್ಡಿ, ಹೆಂಡತಿ ಎಷ್ಟೇ ತೆಳ್ಳಗಿರಲಿ ಅವಳು ಡುಮ್ಮಿ. ಯಾರೂ ಮುಖ ದಪ್ಪ ಮಾಡಿಕೊಳ್ಳುವುದಿಲ್ಲ. ಲಿಸೆತ್ ಮೂರು ವರ್ಷದವಳಿದ್ದಾಗ ಅವಳ ಕೆನ್ನೆ, ತೋಳು, ತೊಡೆ ಎಲ್ಲವೂ ಉಬ್ಬಿದ ಬನ್ನಿನ ಹಾಗಿದ್ದವು. ಆಗಷ್ಟೇ ಮಿನಿಬಸ್ ಕೊಂಡಿದ್ದ ಫ್ರೊಯ್ಲಾನ್ ಹಿಂದಿನ ಗಾಜಿನ ಕಪ್ಪು ಫಿಲ್ಮಿನ ಮೇಲೆ ಮಗಳ ಮುದ್ದು ಹೆಸರನ್ನೇ ಬರೆಸಿದ. ಸರೋವರದ ದಂಡೆಯ ಇಗರ್ಜಿಯವರೆಗೆ ಗಾಡಿ ಒಯ್ದು, ಹೂಮಾಲೆ ತೊಡಿಸಿ, ಪಾದ್ರಿಯಿಂದ ನೀರು ಚಿಮುಕಿಸಿ, ಚಕ್ರಗಳಿಗೆ ಬಿಯರು ಸುರಿದು ನಾಮಕರಣ ಮಾಡಿದ್ದೂ ಆಯಿತು. ಗಾಡಿಗೆ ಧರ್ಮಪಿತನಾಗಿ ನಿಂತವನು ಅದೇ ಮಾರ್ಗದ ಇನ್ನೊಬ್ಬ ಚಾಲಕ ಸೆವೆರೊ. ಅಂದಿನಿಂದ ಅವರಿಬ್ಬರು ಒಬ್ಬರಿಗೊಬ್ಬರು 'ಕೊಂಪಾದ್ರೆ', ಧರ್ಮದ ನೆಂಟರು. ಮಾರ್ಗದ ನಂಬರು ನೋಡುವವರು ಯಾರೂ ಇರಲಿಲ್ಲ. ಸಂತೆಗೆ ಹೋಗುವ ಹೆಂಗಸರೆಲ್ಲ "ಗುಂಡಮ್ಮ ಬಂತಾ?" "ಗುಂಡಮ್ಮ ಹೊರಟುಹೋಯ್ತಾ?" ಎಂದೇ ಕೇಳುತ್ತಿದ್ದದ್ದು.

ಲಿಸೆತ್ ಮೊದಲೆಲ್ಲ ಅಪ್ಪನ ಪಕ್ಕದ ಸೀಟಿನಲ್ಲಿ ಕೂತೇ ಶಾಲೆಗೆ ಹೋಗುತ್ತಿದ್ದಳು. ಊಟ ಬಿಡುವುದಕ್ಕೆ ಸ್ವಲ್ಪ ಮುಂಚೆ ಅದನ್ನೂ ಬಿಟ್ಟು ಕೇಬಲ್ ಕಾರಿನಲ್ಲಿ ಹೋಗತೊಡಗಿದ್ದಳು. ಟ್ರಾಫಿಕ್ಕಿನ ನಡುವೆ ಫ್ರೊಯ್ಲಾನ್ ಈ ಎರಡನ್ನೂ ಕೂಡಿಸಿದ. ಗಾಜಿನ ಮೇಲೆ ಗುಂಡಮ್ಮ, ಹುಡುಗರ ನಗು, ಮಗಳಿಗೆ ನಾಚಿಕೆ, ಬಸ್ಸು ಬಂದ್, ಊಟ ಬಂದ್. ರೋಗ ಸಿಕ್ಕೇಬಿಟ್ಟಿತು! ಅವನು ಖುಷಿಗೆ ಹಾರ್ನು ಒತ್ತಿದ. ಸುತ್ತಲಿನ ಬಸ್ಸಿನವರೆಲ್ಲ ದಾರಿ ತೆರೆಯಿತೆಂದು ಭಾವಿಸಿ ತಾವೂ ಒತ್ತಿದರು.

ಸಂಜೆ ಸಬಿನಾಗೆ ಈ ಸಂಶೋಧನೆಯನ್ನು ಒಪ್ಪಿಸಿದಾಗ ಅವಳು ಪೂರ್ತಿ ತಳ್ಳಿಹಾಕಲಿಲ್ಲ. "ಇದ್ರೂ ಇರಬಹುದು. ಆದ್ರೂ ಒಂದು ಸಲ ಅವಳನ್ನ ಕೇಳಿಬಿಡು."

"ಕೇಳೋದೇನು ಬಂತು? ಶನಿವಾರ ಅಕ್ಷರ ತೆಗೀತೀನಿ. ಮಧ್ಯಾಹ್ನ ನೀನು ಕಡಲೆಕಾಯಿ ಸೂಪು ಮಾಡು. ಅವಳನ್ನ ಹೊರಗೆ ಕರೆದು ಗಾಜು ತೋರಿಸ್ತೀನಿ. ಆಮೇಲೆ ಪಾತ್ರೆ ಸಾಕಾಗಲ್ಲ, ನೋಡ್ತಿರು."

ಶನಿವಾರ ಬೆಳಗ್ಗೆ ಥಿನ್ನರು, ಬ್ಲೇಡು, ಹಳೆ ಬನೀನು ಹಿಡಿದು ಫ್ರೊಯ್ಲಾನ್ ಯುದ್ಧಕ್ಕಿಳಿದ. ಹಳದಿ ಬಣ್ಣ ಪದರಪದರವಾಗಿ ಕಿತ್ತು ಬಂತು. ಕೊನೆಯ ಅಕ್ಷರವನ್ನೂ ಉಜ್ಜಿ ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದವನ ಕೈಯಿಂದ ಬನೀನು ಜಾರಿತು. ಆ ಎತ್ತರದ ಊರಿನ ಬಿಸಿಲಿಗೆ ಇಷ್ಟು ವರ್ಷ ಒಡ್ಡಿಕೊಂಡ ಫಿಲ್ಮು ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಬಣ್ಣದ ಅಡಿಯಲ್ಲಿ ಬಚ್ಚಿಟ್ಟುಕೊಂಡಿದ್ದ ಭಾಗ ಮಾತ್ರ ಹೊಸದರಂತೆ ಕಡುಗಪ್ಪು. 'ನನ್ನ ಗುಂಡಮ್ಮ' ಮೊದಲಿಗಿಂತ ಸ್ಪಷ್ಟವಾಗಿ, ಮೊದಲಿಗಿಂತ ಗಂಭೀರವಾಗಿ, ಇನ್ನು ಯಾವ ಥಿನ್ನರಿಗೂ ಜಗ್ಗದಂತೆ ಅಲ್ಲಿ ನಿಂತಿತ್ತು.

ಬೆಳಗಿನ ಸರದಿಗೆ ಹೊತ್ತಾಗಿತ್ತು. ಮಗಳು ಏಳುವ ಹೊತ್ತೂ ಆಗಿತ್ತು. ಸಬಿನಾ ಸಂತೆಯಲ್ಲಿ ಆಲೂಗಡ್ಡೆ ಮೂಟೆಗಳಿಗೆ ಹೊದಿಸುವ ಕರಿ ಪ್ಲಾಸ್ಟಿಕ್ಕಿನ ಸುರುಳಿ ಗೋಡೆಗೆ ಒರಗಿಕೊಂಡಿತ್ತು. ಅದನ್ನು ಹರಿದು ಗಾಜಿನ ಉದ್ದಗಲಕ್ಕೂ ಟೇಪು ಹಾಕಿ ಮೆತ್ತಿ, ಫ್ರೊಯ್ಲಾನ್ ಶಿಳ್ಳೆ ಹಾಕುತ್ತ ಹೊರಟ. ಸಾವಾದ ಮನೆಯ ಬಾಗಿಲಿಗೂ ಆ ಮನೆಯವರ ಗಾಡಿಗೂ ಕರಿ ಕಟ್ಟುತ್ತಾರೆ ಎಂಬುದು ಅಲ್ಲಿಯ ಎಳೆಮಗುವಿಗೂ ಗೊತ್ತು. ಫ್ರೊಯ್ಲಾನನಿಗೂ ಗೊತ್ತಿತ್ತು. ಆದರೆ ಅವನ ತಲೆಯಲ್ಲಿ ಆಗಲೇ ವಿಜಯೋತ್ಸವದ ಬ್ಯಾಂಡು ಬಾರಿಸುತ್ತಿತ್ತು, ಬೇರೇನೂ ಕೇಳಿಸುವಂತಿರಲಿಲ್ಲ.

ಅಂದು ಬಸ್ಸು ಹತ್ತಿದವರು ಯಾರೂ ಜಗಳವಾಡಲಿಲ್ಲ. ಕಿಟಕಿ ತೆಗಿ, ಕಿಟಕಿ ಹಾಕು ಎಂಬ ಗದ್ದಲವಿಲ್ಲ. ಗಂಡಸರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಫ್ರೊಯ್ಲಾನ್ ತನ್ನ ಅತ್ಯುತ್ತಮ ಜೋಕುಗಳಲ್ಲಿ ಮೂರನ್ನು ಸತತವಾಗಿ ಹೊಡೆದ, ಯಾರೂ ನಗಲಿಲ್ಲ. ಹಿಂದಿನ ಸೀಟಿನ ಹೆಂಗಸೊಬ್ಬಳು ಪಕ್ಕದವಳಿಗೆ, "ಪಾಪ, ತಲೆ ಕೆಟ್ಟಿದೆ" ಎಂದು ಪಿಸುಗುಟ್ಟಿದಳು. ಒಬ್ಬ ಮುದುಕ ಇಳಿಯುವಾಗ ಅವನ ಭುಜ ಅದುಮಿ, "ಧೈರ್ಯ ತಗೊ ಮೇಸ್ತ್ರಿ" ಎಂದ. ಅಲ್ಲಿ ಚಾಲಕರನ್ನು ಕರೆಯುವುದೇ ಹಾಗೆ. ಟ್ರಾಫಿಕ್ಕಿನ ಬಗ್ಗೆ ಇರಬೇಕೆಂದು ಫ್ರೊಯ್ಲಾನ್ ತಲೆಯಾಡಿಸಿದ. ಈರುಳ್ಳಿ ಮಾರುವ ಬಾಸಿಲಿಯಾ ಅಜ್ಜಿ ದಾರಿಯುದ್ದಕ್ಕೂ ಮುಸುಮುಸು ಅಳುತ್ತಿದ್ದಳು. ಮೂಟೆ ಮಡಿಲಲ್ಲಿಟ್ಟುಕೊಂಡರೆ ಅಳು ಬರದೆ ಏನು ಬರುತ್ತದೆ ಎಂದುಕೊಂಡ. ದುಃಖದಲ್ಲಿರುವವನನ್ನು ಏನಾಯಿತು ಎಂದು ಕೆದಕಬಾರದೆಂದು ಯಾರೂ ಕೇಳಲಿಲ್ಲ. ಕೇಳದೆಯೇ ಎಲ್ಲರೂ ತಿಳಿದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಮಾರ್ಗದ ಈ ತುದಿಯಿಂದ ಆ ತುದಿಯವರೆಗೆ ಗುಂಡಮ್ಮ ತೀರಿಹೋಗಿದ್ದಳು.

ಊಟಕ್ಕೆ ಮನೆಗೆ ಬಂದ ಫ್ರೊಯ್ಲಾನ್ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ. ಸಬಿನಾ ಸೂಪಿಗೆ ಉಪ್ಪು ನೋಡುತ್ತಿದ್ದಳು. ಬಾಗಿಲು ತಟ್ಟಿದ ಸದ್ದಾಯಿತು. ತೆಗೆಯಲು ಹೋದವಳು ಲಿಸೆತ್.

ಹೊರಗೆ ಬೀದಿ ತುಂಬ ಕಪ್ಪು. ಮುಂದೆ ಬಾಸಿಲಿಯಾ ಅಜ್ಜಿ. ಅವಳ ಹಿಂದೆ ಸಂತೆಯ ಹೆಂಗಸರು, ಒಬ್ಬೊಬ್ಬರ ಕೈಯಲ್ಲೂ ಬಟ್ಟೆ ಸುತ್ತಿದ ಬಿಸಿ ಪಾತ್ರೆ. ಅವರ ಹಿಂದೆ ಚಾಲಕರು. ನಡುವೆ ಮದುವೆಗೆ ಹೊಲಿಸಿದ ಕರಿ ಸೂಟಿನಲ್ಲಿ ಸೆವೆರೊ, ಅವನ ಎದೆಗಿಂತ ಅಗಲವಾದ ಕಾಗದದ ಹೂವಿನ ಚಕ್ರ. ಅದರ ನೇರಳೆ ಪಟ್ಟಿಯ ಮೇಲೆ 'ನಮ್ಮ ಗುಂಡಮ್ಮನಿಗೆ, ಮಾರ್ಗದ ಚಾಲಕರಿಂದ' ಎಂದು ಬರೆದಿತ್ತು. ಲಿಸೆತ್ ಅದನ್ನು ಓದಿದಳು. ಮತ್ತೊಮ್ಮೆ ಓದಿದಳು.

ಬಾಸಿಲಿಯಾ ಅಜ್ಜಿ ಅವಳ ಎರಡೂ ಕೈ ಹಿಡಿದುಕೊಂಡು, "ನೀನು ತಂಗಿ ಏನವ್ವಾ?" ಎಂದಳು. "ಧೈರ್ಯವಾಗಿರು. ನಿಮ್ಮಕ್ಕ ಎಂಥಾ ಹುಡುಗಿ. ಮೈಕೈ ತುಂಬ್ಕೊಂಡು, ಕೆನ್ನೆ ಕೆಂಪಗಿಟ್ಕೊಂಡು, ಅಪ್ಪನ ಪಕ್ಕ ಕೂತಿದ್ರೆ ನೋಡೋಕೇ ಹಬ್ಬ. ನೀನು ಅವಳ ಹಾಗಿಲ್ಲ, ಪಾಪ."

ಹಿಂದಿದ್ದ ಸೆವೆರೊ ಹೂಚಕ್ರವನ್ನು ಸರಿಸಿ ಇಣುಕಿ ನೋಡಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

"ಅಜ್ಜಿ, ಇದು ತಂಗಿ ಅಲ್ಲ. ಅವರಿಗಿರೋದು ಒಬ್ಬಳೇ ಮಗಳು."

"ಮತ್ತೆ ಇವಳ್ಯಾರು?"

"ಗುಂಡಮ್ಮ."

ಅಜ್ಜಿ ಕಣ್ಣು ಕಿರಿದು ಮಾಡಿ ಲಿಸೆತ್‌ಳ ಮುಖ, ಕತ್ತು, ಸ್ವೆಟರಿನೊಳಗಿಂದ ಇಳಿಬಿದ್ದ ಮಣಿಕಟ್ಟು ಎಲ್ಲವನ್ನೂ ನೋಡಿದಳು. "ಇವಳಾ? ಇಲ್ಲಪ್ಪ" ಎಂದಳು. ಆಮೇಲೆ ಗುರುತು ಹತ್ತಿತು. ಹಿಡಿದಿದ್ದ ಕೈಗಳನ್ನು ಬಿಡಲಿಲ್ಲ. ಸತ್ತವಳು ಬದುಕಿದ್ದಾಳೆ ಎಂದು ತಿಳಿದರೆ ಯಾರಾದರೂ ನಗುತ್ತಾರೆ, ಕುಣಿಯುತ್ತಾರೆ, ಕನಿಷ್ಠ ನಿಟ್ಟುಸಿರಾದರೂ ಬಿಡುತ್ತಾರೆ. ಆ ಜನ ಅವಳನ್ನು ನೋಡುತ್ತ ನಿಂತೇ ಇದ್ದರು, ಅವರ ಮುಖದ ಸೂತಕ ಇಳಿಯಲಿಲ್ಲ.

ಸೌಟು ಹಿಡಿದೇ ಬಾಗಿಲಿಗೆ ಬಂದ ಸಬಿನಾ ಹೂಚಕ್ರ ನೋಡಿ ಕಿರುಚಿದಳು. ಮಗಳು ಕಣ್ಣೆದುರಿಗೇ ನಿಂತಿದ್ದಳು. ಆದರೂ ಅವಳನ್ನು ಬಾಚಿ ತಬ್ಬಿಕೊಂಡು, ಬೆನ್ನು ಮುಟ್ಟಿ, ತಲೆ ಮುಟ್ಟಿ, ಇದ್ದಾಳೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಬೀದಿಯಲ್ಲಿ ನಿಂತಿದ್ದ ಮಿನಿಬಸ್ಸಿನತ್ತ, ಅದರ ಬೆನ್ನಿಗಂಟಿದ್ದ ತನ್ನದೇ ಆಲೂಗಡ್ಡೆ ಪ್ಲಾಸ್ಟಿಕ್ಕಿನತ್ತ ಅವಳ ಕಣ್ಣು ಹೋಯಿತು. ಅಷ್ಟು ಹೊತ್ತಿಗೆ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ, ವಿಜಯದ ಮುಗುಳ್ನಗೆ ತೊಟ್ಟು ಫ್ರೊಯ್ಲಾನ್ ಒಳಗಿಂದ ಬಂದ.

"ಏನು ಕೊಂಪಾದ್ರೆ, ಎಲ್ಲಾ ಒಟ್ಟಿಗೆ? ಯಾರು ಹೋದ್ರು?"

"ನಿಮ್ಮ ಮಗಳು" ಎಂದ ಸೆವೆರೊ, ಸತ್ಯವನ್ನು ಬೇರೆ ಹೇಗೆ ಹೇಳುವುದೆಂದು ತಿಳಿಯದೆ.

"ಹೆತ್ತ ಮಗಳಿಗೆ ಬದುಕಿರುವಾಗಲೇ ತಿಥಿ ಮಾಡಿಸಿದ್ಯಲ್ಲೋ" ಎಂದು ಸಬಿನಾ ಸೌಟು ಎತ್ತಿದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು. ಆ ಸೌಟಿನಿಂದ ಒಂದು ಬಾರಿಸಿದ್ದರೂ ಫ್ರೊಯ್ಲಾನನಿಗೆ ಸಮಾಧಾನವಾಗುತ್ತಿತ್ತು. ಅವಳು ಬಾರಿಸಲಿಲ್ಲ.

ಈಗ ಪಾತ್ರೆಗಳ ಪ್ರಶ್ನೆ ಎದ್ದಿತು. ಸಾವಿನ ಮನೆಗೆಂದು ಬೇಯಿಸಿ ತಂದದ್ದನ್ನು ತುಂಬಿದ ಹಾಗೇ ವಾಪಸು ಒಯ್ದರೆ ಸಾವು ಹಿಂದೆಯೇ ಬರುತ್ತದೆ, ಇಲ್ಲೇ ತಿಂದು ಮುಗಿಸುವುದು ಕ್ಷೇಮ ಎಂದು ಸೆವೆರೊ ತೀರ್ಪಿತ್ತ. ಅವನಿಗೆ ಹಸಿವೂ ಆಗಿತ್ತು. ಹಾಗಾಗಿ ಬಂದವರೆಲ್ಲ ಒಳಗೆ ಕೂತರು. ಹಳದಿ ಮೆಣಸಿನ ಕೋಳಿ, ಒಣ ಆಲೂಗಡ್ಡೆ, ಬೇಯಿಸಿದ ಜೋಳ, ಗಿಣ್ಣು, ನಡುವೆ ಸಬಿನಾಳ ಕಡಲೆಕಾಯಿ ಸೂಪು. ಲಿಸೆತ್ ಎಲ್ಲರಿಗೂ ತಟ್ಟೆ ಹಂಚಿದಳು. ತನ್ನ ತಿಥಿಯ ಊಟವನ್ನು ತಾನೇ ಬಡಿಸಿ, ಗೋಡೆಗೊರಗಿ ನಿಂತಳು.

ಬಾಯಿಗೆ ಕೋಳಿ ಬಿದ್ದೊಡನೆ ಎಲ್ಲರ ನಾಲಿಗೆಯೂ ಸಡಿಲವಾಯಿತು.

"ಗಾಡಿ ಹೆಸರು ತೆಗೆಯೋ ಮುಂಚೆ ಧರ್ಮಪಿತನಿಗೆ ಒಂದು ಮಾತು ಹೇಳ್ಬಾರ್ದಾ ಕೊಂಪಾದ್ರೆ? ನಾನೇನು ಸತ್ತಿದ್ನಾ?" ಎಂದು ಸೆವೆರೊ ಮುನಿಸಿಕೊಂಡ.

"ತಿನ್ನು ಮಗಳೇ, ಕಡ್ಡಿ ಯಾವ ಗಂಡಸಿಗೆ ಬೇಕು?" ಎಂದಳು ಒಬ್ಬಳು.

"ನನ್ನ ಸೊಸೆನೂ ಹಿಂಗೇ ಆಡ್ತಿದ್ಲು. ಮೊಬೈಲು ಕಿತ್ಕೊಂಡೆ, ಸರಿಹೋದ್ಲು" ಎಂದಳು ಇನ್ನೊಬ್ಬಳು.

ಗಿಣ್ಣು ಮಾರುವ ದಪ್ಪ ಹೆಂಗಸೊಬ್ಬಳು ತಟ್ಟೆ ಹಿಡಿದು ಲಿಸೆತ್‌ಳ ಪಕ್ಕಕ್ಕೆ ಸರಿದು, ಯಾರಿಗೂ ಕೇಳದಂತೆ, "ಹೆಂಗೆ ಕರಗಿಸಿದೆ ಹೇಳವ್ವ, ನನ್ನ ಮಗಳಿಗೂ ಹೇಳಿಕೊಡ್ಬೇಕು. ಬರೋ ವರ್ಷ ಅವಳ ಮದುವೆ" ಎಂದಳು. ಕೇಳದಂತೆ ಎಂದು ಅವಳು ಅಂದುಕೊಂಡಿದ್ದಳು, ಅಷ್ಟೇ. ಫ್ರೊಯ್ಲಾನನಿಗೆ ಕೇಳಿಸಿತು. ಸದ್ದು ಕೇಳಿ ರೋಗ ಹೇಳುವವನಿಗೆ ಆ ಕೋಣೆಯಲ್ಲಿ ಎಷ್ಟು ರೋಗ ಕೇಳಿಸಿತೆಂದರೆ ಯಾವುದು ಎಲ್ಲಿಯದೆಂದೇ ತಿಳಿಯದಾಯಿತು.

ಅವನು ಬಟ್ಟಲಿಗೆ ಸೂಪು ಹಾಕಿ ಮಗಳ ಮುಂದೆ ಹಿಡಿದ. ಪ್ರತಿಜ್ಞೆ, ಭಾನುವಾರ, ಹೆಸರು ಎಲ್ಲ ಮರೆತುಹೋಗಿತ್ತು.

"ಒಂದು ಚಮಚ. ನನಗೋಸ್ಕರ."

ಲಿಸೆತ್ ಬಟ್ಟಲು ತೆಗೆದುಕೊಂಡಳು. ಮಾತು ಮೀರಬಾರದೆಂದು ಚಮಚ ತುಂಬಿದಳು, ತುಟಿಯವರೆಗೆ ತಂದಳು. ಚಮಚ ಅಲ್ಲೇ ನಿಂತುಬಿಟ್ಟಿತು. ಕೋಣೆಯ ಮಾತೆಲ್ಲ ನಿಂತು ಎಲ್ಲರ ಕಣ್ಣೂ ಆ ಚಮಚದ ಮೇಲೆ ಬಿತ್ತು. ಅವಳ ಕಣ್ಣು ತುಂಬಿತು. "ಆಗ್ತಿಲ್ಲ ಅಪ್ಪ" ಎಂದಳು, ಅಷ್ಟು ಮೆಲ್ಲಗೆ. ಇದು ಹಟವಲ್ಲ ಎಂದು ಡಾಕ್ಟರಮ್ಮ ಹೇಳಿದ್ದು ಫ್ರೊಯ್ಲಾನನಿಗೆ ಆಗ ಅರ್ಥವಾಯಿತು. ಹಟವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಅವಳ ಕೈಯಿಂದ ಬಟ್ಟಲು ತೆಗೆದಿಟ್ಟು ಹೊರಗೆ ನಡೆದ.

ಬೀದಿಯಲ್ಲಿ ಗಾಳಿಗೆ ಪ್ಲಾಸ್ಟಿಕ್ಕು ಪಟಪಟ ಹೊಡೆದುಕೊಳ್ಳುತ್ತಿತ್ತು. ಅದನ್ನು ಕಿತ್ತು ಮುದ್ದೆ ಮಾಡಿ ಎಸೆದು, ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತ. ಸ್ವಲ್ಪ ಹೊತ್ತಿಗೆ ಲಿಸೆತ್ ಬಂದು ಗಾಜಿನ ಮುಂದೆ ನಿಂತು, ಬೂದಿ ಫಿಲ್ಮಿನ ಮೇಲೆ ಕಪ್ಪಗೆ ಉಳಿದಿದ್ದ ತನ್ನ ಹೆಸರನ್ನು ನೋಡಿದಳು.

"ಯಾಕೆ ತೆಗೆದೆ?"

"ಹುಡುಗರು ನಗ್ತಿದ್ರು. ನಿನಗೆ ನಾಚಿಕೆ ಆಗಿ ಬಸ್ಸು ಬಿಟ್ಟೆ, ಊಟ ಬಿಟ್ಟೆ ಅಂತ..."

"ಇದಕ್ಕೆ ನಂಗೇನೂ ಬೇಜಾರಿರ್ಲಿಲ್ಲ. ಚೆನ್ನಾಗಿತ್ತು. ಊರು ತುಂಬ ನಂದೊಂದೇ ಹೆಸರು ಓಡಾಡ್ತಿತ್ತು."

ಫ್ರೊಯ್ಲಾನನ ಹತ್ತಿರ ಈಗ ಹೆಂಡತಿ ಹೇಳಿಕೊಟ್ಟಿದ್ದ ಮಾತು ಮಾತ್ರ ಇತ್ತು.

"ಮತ್ತೆ ಏನಾಯ್ತು ಮಗಳೇ?"

ಲಿಸೆತ್ ಅಪ್ಪನ ಮುಖ ನೋಡದೆ ಹೇಳಿದಳು.

"ಬಸ್ಸು ತುಂಬಿದಾಗ ಜನ ಬಾಗಿಲ ಹತ್ರ ಬಂದು ಜಾಗ ಇದೆಯಾ ಅಂತ ಕೇಳ್ತಾರಲ್ಲ. ಆವಾಗ ನೀನು ನನ್ನ ಕಡೆ ಕೈ ತೋರಿಸಿ, 'ಇವಳು ಇಳಿದ್ರೆ ಇಬ್ಬರಿಗೆ ಜಾಗ ಆಗುತ್ತೆ' ಅಂತಿದ್ದೆ."

"ನಾನಾ? ಯಾವಾಗ?"

"ಯಾವಾಗ ಅಂದ್ರೆ? ಬಸ್ಸು ತುಂಬಿದಾಗಲೆಲ್ಲ."

ಫ್ರೊಯ್ಲಾನ್ ನೆನಪು ಮಾಡಿಕೊಳ್ಳಲು ನೋಡಿದ. ಯಾರಿಗೆ ಯಾವ ಜೋಕು ಹೇಳಿದ್ದೆ, ಯಾರು ಎಷ್ಟು ನಕ್ಕಿದ್ದರು ಎಂಬುದೆಲ್ಲ ಅವನಿಗೆ ಬಾಯಿಪಾಠ. ಇದೊಂದು ಮಾತ್ರ ನೆನಪಿಗೆ ಬರಲಿಲ್ಲ. ಅಷ್ಟು ಸಣ್ಣ ಜೋಕು ಅದು.

"ತಮಾಷೆಗೆ ಅಂದಿರ್ತೀನಿ ಕಣಮ್ಮಾ."

"ಹೂಂ. ಎಲ್ಲರೂ ನಗ್ತಿದ್ರು. ನಾನೂ ನಗ್ತಿದ್ದೆ." ಅವಳು ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡಳು. "ಅದೊಂದೇ ಅಲ್ಲ ಅಪ್ಪ. ನೀನು ಕೇಳಿದೆ ಅಂತ ಹೇಳ್ದೆ."

ಅಷ್ಟರಲ್ಲಿ ಊಟ ಮುಗಿಸಿದ ಜನ ಹೊರಗೆ ಬಂದರು. ಇಷ್ಟೆಲ್ಲ ಆದ ಮೇಲೆ ಬಂದವರನ್ನೆಲ್ಲ ಮನೆಗೆ ಬಿಟ್ಟು ಬರುವುದು ಧರ್ಮ ಎಂದು ಸೆವೆರೊ ಕೊಂಪಾದ್ರೆಯ ಪರವಾಗಿ ತಾನೇ ಘೋಷಿಸಿ, ಹೂಚಕ್ರ ಸಮೇತ ಮೊದಲು ಹತ್ತಿದ. ಖಾಲಿ ಪಾತ್ರೆ ಹಿಡಿದ ಹೆಂಗಸರು ಒಬ್ಬರ ಮೇಲೊಬ್ಬರು ಕೂತರು. ಚಾಲಕರು ಬಾಗಿಲಲ್ಲಿ ಜೋತುಬಿದ್ದರು. ಫ್ರೊಯ್ಲಾನ್ ಯಂತ್ರದಂತೆ ಹೋಗಿ ಸ್ಟೇರಿಂಗಿನ ಹಿಂದೆ ಕೂತ. ಎಲ್ಲರಿಗಿಂತ ಕೊನೆಗೆ ಬಾಸಿಲಿಯಾ ಅಜ್ಜಿ ಏದುಸಿರು ಬಿಡುತ್ತ ಬಂದು, ಮುಂದಿನ ಬಾಗಿಲಲ್ಲಿ ತಲೆ ತೂರಿಸಿದಳು.

"ಮೇಸ್ತ್ರಿ, ಜಾಗ ಇದೆಯಾ?"

ಒಳಗಿದ್ದವರೆಲ್ಲ ಅಭ್ಯಾಸಬಲದಿಂದ ಚಾಲಕನತ್ತ ತಿರುಗಿದರು. ಹೊಟ್ಟೆ ತುಂಬಿತ್ತು, ಮನಸ್ಸು ಹಗುರಾಗಿತ್ತು, ಜೋಕಿಗೆ ಕಾಯುತ್ತ ಆಗಲೇ ಅರ್ಧ ನಗುತ್ತಿದ್ದರು. ಫ್ರೊಯ್ಲಾನ್ ಸ್ಟೇರಿಂಗನ್ನೇ ನೋಡುತ್ತ ಕೂತ.

ಲಿಸೆತ್ ಮುಂದೆ ಬಂದು ಅಜ್ಜಿಯ ಕೈಯ ಪಾತ್ರೆ ಇಸಿದುಕೊಂಡು, ತೋಳು ಹಿಡಿದು, ಅಪ್ಪನ ಪಕ್ಕದ ಸೀಟಿಗೆ ಹತ್ತಿಸಿ ಬಾಗಿಲು ಹಾಕಿದಳು.

"ಇದೆ ಅಜ್ಜಿ, ಆರಾಮಾಗಿ ಕೂತ್ಕೊಳ್ಳಿ. ನಾನು ಆಗಲೇ ಇಳಿದಿದ್ದೀನಲ್ಲ."